ಕೆರೆ ಏರಿಯ ಮೇಲೆ ಪಿಕಪ್ ಪರೀಕ್ಷೆ

ಕರೆಂಟ್ ಕಾರಿಗೆ ನಾನು ಕೊಟ್ಟದ್ದು ಹದಿನಾಲ್ಕು ಲಕ್ಷ. ಹಾಸನದ ಶೋರೂಮಿನವರು ಮೊದಲು ಹೇಳಿದ್ದು ಇನ್ನೂ ಮೇಲಿತ್ತು. ನಾನು ಎದ್ದು ಬಾಗಿಲವರೆಗೆ ಹೋಗಿ, ಆಮೇಲೆ ನಿಜವಾಗಿಯೂ ಹೊರಗೇ ಹೋಗಿ ಎಳನೀರು ಕುಡಿದು ಬಂದು, ಸೀಟಿನ ಕವರು, ಕಾಲಡಿಯ ಮ್ಯಾಟು ಎಲ್ಲ ಬಿಟ್ಟಿ ಹಾಕಿಸಿಕೊಂಡು ಅಲ್ಲಿಗೆ ಇಳಿಸಿದೆ. ಯಾಕೆ ಕೊಂಡೆ ಅಂದರೆ, ನಾನು ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಮಾರುವವನು. ಮೋಟಾರಿನ ಗುಣ ಗೊತ್ತು. ಡೀಸೆಲ್ ಪಂಪಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕು, ಅದು ಕೆಮ್ಮಬೇಕು, ಹೊಗೆ ಉಗುಳಬೇಕು, ಆಮೇಲೆ ನೀರು. ಕರೆಂಟ್ ಮೋಟಾರು ಸ್ವಿಚ್ ಒತ್ತಿದ ಗಳಿಗೆಯಲ್ಲೇ ಇರುವ ಶಕ್ತಿಯನ್ನೆಲ್ಲ ಕೊಟ್ಟುಬಿಡುತ್ತದೆ. ಕಾರಿನಲ್ಲೂ ಅಷ್ಟೇ, ನಮ್ಮ ಕಡೆ ಇದಕ್ಕೆ ಪಿಕಪ್ ಅನ್ನುತ್ತೇವೆ. ಡೀಸೆಲ್ ಕಾರು ಊಟಕ್ಕೆ ಕರೆದ ಹೊಸ ಅಳಿಯನ ಹಾಗೆ. ಮತ್ತೆ ಮತ್ತೆ ಕರೆಯಬೇಕು, ಎದ್ದು ಬಂದ ಮೇಲೆ ಚೆನ್ನಾಗಿಯೇ ಬಾರಿಸುತ್ತಾನೆ. ಕರೆಂಟ್ ಕಾರು ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಕೂತಿರುವ ನನ್ನ ಭಾವಮೈದುನನ ಹಾಗೆ.

ಇದನ್ನು ನಾನು ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಮನೆಯಲ್ಲಿ ನನ್ನದೇ ಹಳೆಯ ಡೀಸೆಲ್ ಕಾರು ಮಾರಾಟಕ್ಕೆ ನಿಂತಿದೆ ಎಂಬುದು ಆ ಉತ್ಸಾಹದಲ್ಲಿ ಮರೆತುಹೋಗಿತ್ತು. ಹೊಸ ಸರಕನ್ನು ಹೊಗಳಿ ಹಳೆಯದನ್ನು ಮಾರಲು ಕೂರುವುದು ವ್ಯಾಪಾರ ಕಲಿಯದವರ ಕೆಲಸ. ಶೋರೂಮಿನವರು ಡೀಸೆಲ್‌ಗೆ ಗುಜರಿ ಬೆಲೆ ಕಟ್ಟಿದರು. ಬೇರೆ ಗಿರಾಕಿ ಅಂತ ಬಂದವನು ಒಬ್ಬನೇ: ಕಟ್ಟಾಯದ ಕಡೆ ಶುಂಠಿ ಬೆಳೆಯುವ ಬೋರೇಗೌಡ. ಅವನು ಕಾರಿನ ಸುತ್ತ ತಿರುಗಿ, ಟೈರಿಗೆ ಒದ್ದು, ಕೊನೆಗೆ ನನ್ನ ಮಾತನ್ನೇ ನನಗೆ ಎಸೆದ.

“ಅಣ್ಣೋ, ಕರೆಂಟಿನ್ ಮುಂದೆ ಇದು ಸತ್ತ ಕುದುರೆ ಅಂತ ನೀನೇ ಯೋಳ್ಕಂಡ್ ತಿರುಗ್ತಿದ್ಯಂತೆ. ಎರಡನ್ನೂ ಪಕ್ಕಪಕ್ಕ ಬುಡು, ನೋಡವಾ. ಇದು ತೀರಾ ಇಂದೆ ಬೀಳ್ಲಿಲ್ಲ ಅಂದ್ರೆ ನಾನೇ ತಕ್ಕತೀನಿ.”

ಒಪ್ಪಿದೆ. ಹೊಸ ಕಾರನ್ನು ಓಡಿಸಲು ಹೆಂಡತಿ ಸರೋಜಳನ್ನು ಕರೆದೆ. ಅಡುಗೆಮನೆಯಲ್ಲಿ ಮೆಲ್ಲಗೆ, “ನೋಡು, ಕಾಲು ಬಿಗಿಹಿಡಿ. ಡೀಸೆಲ್ ಸ್ವಲ್ಪ ಮುಂದೆ ಹೋಗಲಿ” ಎಂದೆ. ಅವಳು, “ಮೋಸಕ್ಕೂ ನಾನೇ ಬೇಕಾ ನಿಮಗೆ?” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು.

ಕಟ್ಟಾಯದ ಕಡೆಯ ಒಳರಸ್ತೆಯಲ್ಲಿ ಒಂದು ಕೆರೆ ಏರಿ ಇದೆ. ಗೆರೆ ಎಳೆದ ಹಾಗೆ ನೇರ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಬೆಳಿಗ್ಗೆ ಜನ ಇರುವುದಿಲ್ಲ ಎಂದು ಅಲ್ಲಿಗೆ ಹೋದೆವು. ಜನ ಇರಲಿಲ್ಲ, ನಿಜ. ಕೆರೆಯೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಮಂಜು ಎಲ್ಲವನ್ನೂ ನುಂಗಿಕೊಂಡು ಸುಮ್ಮನೆ ಕೂತಿತ್ತು. ಅಂಥ ಬಿಳುಪಿನಲ್ಲಿ ನಮ್ಮ ಬಿಳಿ ಕಾರು ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತದ್ದು ನನಗೇ ಗೊತ್ತಾಗಲಿಲ್ಲ. ತಿರುಗಿದಾಗ ಸರೋಜಳ ಮುಖವೊಂದೇ ಗಾಳಿಯಲ್ಲಿ ತೇಲುತ್ತಿದ್ದ ಹಾಗೆ ಕಂಡಿತು. ನಾನು ಪಕ್ಕದ ಸೀಟಿನಲ್ಲಿ ಕೂತ ಬೋರೇಗೌಡನ ಮುಂದಿನಿಂದ ಅವನ ಕಿಟಕಿಗೆ ಕೈ ಚಾಚಿ, ಬೀಸಿ, ಡೀಸೆಲನ್ನು ತುಳಿದೆ.

ಅದು ಎಂದಿನಂತೆ ಯೋಚಿಸಿತು. ಕೆಮ್ಮಿತು. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ನುಗ್ಗಿತು. ಎಡಕ್ಕೆ ನೋಡಿದರೆ ಬಿಳಿ ಕಾರಿಲ್ಲ.

“ಓಯ್ತು” ಎಂದ ಬೋರೇಗೌಡ, ಉಸಿರು ಬಿಟ್ಟು. “ಅಣ್ಣೋ, ಅದು ಓಯ್ತು ಕಣೋ. ಕಣ್ಣಿಗೂ ಸಿಕ್ಕದಂಗೆ.”

ಹೇಳಿದ್ದನ್ನು ಕೇಳಲಿಲ್ಲವಲ್ಲ ಇವಳು ಎಂದು ನನಗೆ ಸಿಟ್ಟು ಬಂತು. ಎಷ್ಟು ತುಳಿದರೂ ಮುಂದೆ ಕೆಂಪು ದೀಪ ಕಾಣದು. ಒಂದೆರಡು ಸಲ ಬಿಳಿಯದೇನೋ ಸರಿದಂತಾಯಿತು; ಹತ್ತಿರ ಹೋದರೆ ಮಂಜು. ಏರಿ ಮುಗಿಯುತ್ತ ಬಂದಂತೆ ಸಿಟ್ಟು ಇಳಿಯಿತು. ಇಷ್ಟು ವೇಗದಲ್ಲಿ ಹೋದವಳು ಏರಿಯ ಮೇಲೆಯೇ ಇದ್ದಾಳೆಯೇ? ಬಲಕ್ಕೆ ಕೆರೆ. ಆ ಕಾರು ನೀರಿಗೆ ಬಿದ್ದರೂ ಸದ್ದು ಮಾಡುತ್ತದೋ ಇಲ್ಲವೋ.

ಏರಿಯ ಕೊನೆಯಲ್ಲಿ ಹಾಲಿನ ಕ್ಯಾನು ಹಿಡಿದ ಮುದುಕಿಯೊಬ್ಬಳು ಡೇರಿಗೆ ಹೊರಟಿದ್ದಳು. ಬೋರೇಗೌಡ ತಲೆ ಹೊರಗೆ ಹಾಕಿದ.

“ಅವ್ವಾ, ಬೆಳ್ಳುಗಿರೋ ಕಾರೊಂದು ಈ ಕಡೀಗ್ ಬಂತಾ, ಸದ್ದಿಲ್ದಂಗೆ?”

“ಬಂತು ಕಣಪ್ಪ. ನನ್ ಪಕ್ಕದಾಗೇ ಓಯ್ತು. ತಣ್ಣಗೆ ಗಾಳಿ ತಾಗ್ತು, ಅಷ್ಟೇಯ.” ಕ್ಯಾನನ್ನು ಕೈ ಬದಲಿಸಿಕೊಂಡು ಅವಳು ಸೇರಿಸಿದಳು: “ಒಳಗ್ ಯಾರೂ ಕಾಣ್ಲಿಲ್ಲ.”

ಅವಳು ಹೇಳಿದ ದಿಕ್ಕಿಗೆ ಇನ್ನೊಂದಷ್ಟು ದೂರ ಓಡಿಸಿದೆ. ಏನೂ ಇಲ್ಲ. ಫೋನು ಮಾಡಿದರೆ ಸಿಗ್ನಲ್ ಇಲ್ಲ. ಕಾರು ತಿರುಗಿಸಿ, ಇಬ್ಬರೂ ಕಿಟಕಿಯಿಂದ ತಲೆ ಹೊರಹಾಕಿ, ಕೆರೆಯ ಅಂಚನ್ನೇ ನೋಡುತ್ತ ಆಮೆಯಂತೆ ಬಂದೆವು. ಬೋರೇಗೌಡ ಒಂದು ಕಡೆ, “ಅಕ್ಕಯ್ಯಾ” ಎಂದು ಕೂಗಿದ. ನೀರು ಅದನ್ನೇ ಮೆಲ್ಲಗೆ ಹಿಂತಿರುಗಿಸಿತು. ಡೀಸೆಲ್ ಮಾರುವ ಆಸೆ ನನ್ನಲ್ಲಿ ಆಗ ಚೂರೂ ಉಳಿದಿರಲಿಲ್ಲ. ಯಾರಾದರೂ ಸರೋಜಳನ್ನು ತಂದು ನಿಲ್ಲಿಸಿದ್ದರೆ ಎರಡು ಕಾರನ್ನೂ ಚೌಕಾಸಿ ಇಲ್ಲದೆ ಕೊಡುತ್ತಿದ್ದೆ.

ಹೊರಟ ಜಾಗದಲ್ಲೇ, ಇಂಚೂ ಕದಲದೆ, ಬಿಳಿ ಕಾರು ನಿಂತಿತ್ತು. ಒಳಗೆ ಸರೋಜ ಕಡಲೆಬೀಜ ಬಿಡಿಸುತ್ತಿದ್ದಳು.

“ಯಾಕೆ ಬರಲಿಲ್ಲ?” ಎಂದೆ.

“ಬರೋದು ಹೆಂಗೆ? ಕೈ ಬೀಸಿದ್ರಿ, ಹೊಗೆ ಕುಡಿದು ಒಂಟಿ ಸೀನು ಸೀನಿದ್ರಿ, ಹಂಗೇ ಹೊರಟ್ರಿ. ಒಂಟಿ ಸೀನಿಗೆ ಯಾರಾದ್ರೂ ಹೊರಡ್ತಾರಾ? ಇನ್ನೊಂದು ಸೀನ್ತೀರೇನೋ ಅಂತ ಕೂತಿದ್ದೆ.”

ಡೀಸೆಲಿನ ಗದ್ದಲದಲ್ಲಿ ನನ್ನ ಸೀನು ನನಗೇ ಕೇಳಿಸಿರಲಿಲ್ಲ. ಅವಳ ಕಾರಿನಲ್ಲಿ ಕೇಳಿಸಿತ್ತು. ಜೀವ ಬಂದ ತಕ್ಷಣ, ಹುಟ್ಟುಗುಣ ನೋಡಿ, ವ್ಯಾಪಾರವೂ ಬಂತು. “ನೋಡು ಗೌಡ, ಕರೆಂಟು ನಿಂತಲ್ಲೇ ಇದೆ. ಡೀಸೆಲ್ ಗೆದ್ದ ಹಾಗಾಯಿತಲ್ಲ. ಅಡ್ವಾನ್ಸ್ ಕೊಡು” ಎಂದೆ.

ಬೋರೇಗೌಡ ಏರಿಯ ಕಡೆಗೇ ನೋಡುತ್ತಿದ್ದ. “ಗೆದ್ದಿದ್ದು ಎಲ್ಲಿ ಬಂತಣ್ಣ? ಮುಂದೆ ಓಗಿದ್ದುನ್ನ ನಾವು ಮುಟ್ನೇ ಇಲ್ವಲ್ಲ.”

“ಮುಂದೆ ಯಾವುದೂ ಹೋಗಿಲ್ಲ ಕಣೋ.”

“ಅಂಗಾರೆ ಆ ಅವ್ವ ನೋಡಿದ್ದೇನು?”

ಇದಕ್ಕೆ ನನ್ನಲ್ಲಿ ಉತ್ತರವಿದೆ. ಗಿರಾಕಿಯನ್ನು “ಮೋಟಾರು ಚೆನ್ನಾಗಿ ನೀರೆತ್ತುತ್ತದಲ್ಲವೇ?” ಎಂದು ಕೇಳಿದರೆ ಅವನು “ಹೂಂ” ಎನ್ನುತ್ತಾನೆ, ಪ್ರಶ್ನೆಯೊಳಗೇ ಉತ್ತರ ಇಟ್ಟು ಕೊಟ್ಟರೆ ಮನುಷ್ಯರು ಅದನ್ನೇ ಹಿಂದಿರುಗಿಸುತ್ತಾರೆ. ಆ ಮುದುಕಿಯೂ ಅಷ್ಟೇ ಮಾಡಿದ್ದು. ಆದರೆ ಒಳಗೆ ಯಾರೂ ಕಾಣಲಿಲ್ಲ ಎಂದು ಅವಳೇ ಸೇರಿಸಿದ್ದು; ಅದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಬೋರೇಗೌಡ ಕಾರು ಹತ್ತದೆ ನಡೆದೇ ಹೋದ. ಡೀಸೆಲ್ ಈಗಲೂ ನಮ್ಮ ಅಂಗಳದಲ್ಲಿದೆ.

ಹಾಗಾಗಿ ನಿಮಗೊಂದು ಮಾತು. ಎರಡು ಕಾರಿನ ಪಿಕಪ್ ಹೋಲಿಸುವುದಾದರೆ ಬಿಸಿಲು ಚೆನ್ನಾಗಿ ಏರಿದ ಮೇಲೆ, ಬಯಲಿನಲ್ಲಿ ಹೋಲಿಸಿ. ಪಕ್ಕದ ಕಾರು ಕಾಣದಿದ್ದರೆ ಮುಂದೆ ನೋಡುವ ಮೊದಲು ಹಿಂದೆ ನೋಡಿ. ಡೀಸೆಲ್ ಬೇಕಿದ್ದರೆ ನಮ್ಮ ಮನೆಗೇ ಬನ್ನಿ, ಬೆಲೆಯಲ್ಲಿ ಹೆಚ್ಚುಕಡಿಮೆ ಮಾಡೋಣ. ಓಡಿಸಿ ನೋಡಲು ಆ ಏರಿಗೆ ಮಾತ್ರ ಕರೆಯಬೇಡಿ. ನೀವಾಗಿಯೇ ಅಲ್ಲಿ ಹೋಗುವಾಗ ಹಿಂದಿನಿಂದ ಬೆಳ್ಳಗೆ, ಸದ್ದಿಲ್ಲದೆ ಏನಾದರೂ ಬಂದರೆ, ಎಡಕ್ಕೆ ಸರಿದು ದಾರಿ ಬಿಡಿ. ನಾನು ಬಿಡುತ್ತೇನೆ.