ಸಪ್ತಸಾಗರ ಯಾತ್ರಾ ಮಂಡಳಕ್ಕೆ, ಟಾಪುವಿನ ಮೂಲನಿವಾಸಿಯ ಅಕ್ಕನಿಂದ

ವಡಭಾಂಡೇಶ್ವರ, ಮಲ್ಪೆ
14 ನವೆಂಬರ್ 1983

ಸಪ್ತಸಾಗರ ಯಾತ್ರಾ ಮಂಡಳದ ವ್ಯವಸ್ಥಾಪಕ ಮಹಾಶಯರ ಸನ್ನಿಧಾನಕ್ಕೆ,
ರಿಲೀಫ್ ರಸ್ತೆ, ಅಹಮದಾಬಾದ್

ಮಾನ್ಯರೇ,

ತಾವೂ ತಮ್ಮ ಬಣ್ಣದ ಪುಸ್ತಿಕೆಯೂ ಕ್ಷೇಮವೆಂದು ನಂಬಿ, ತಮ್ಮ ಪದ್ಧತಿಯಂತೆ ಮೊದಲು ಹೊಸ ವರ್ಷದ ಸಾಲ್ ಮುಬಾರಕ್ ಹೇಳಿ, ನಂತರ ನಮ್ಮ ಪದ್ಧತಿಯಂತೆ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಸುಲೋಚನಾ ಉಪಾಧ್ಯ, ಮಣಿನಗರ ಸ್ಟೇಷನ್ನಿನ ಎದುರಿನ ಶ್ರೀ ಅನಂತ ವಿಲಾಸ ಹೋಟೆಲಿನ ಯಜಮಾನಿ. ಒಂದು ರುಬ್ಬುವ ಕಲ್ಲು ಮತ್ತು ಎರಡು ಬೆಂಚುಗಳಿಂದ ನನ್ನ ಯಜಮಾನರು ಆರಂಭಿಸಿದ ಹೋಟೆಲನ್ನು, ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ನಾನೇ ನಡೆಸುತ್ತಿದ್ದೇನೆ. ಗಲ್ಲಾಪೆಟ್ಟಿಗೆಯ ಮುಂದೆ ಮಗ ಶ್ರೀಪಾದ ಕೂರುತ್ತಾನೆ. ಕೂರು ಎಂದು ಹೇಳುವವಳು ನಾನು. ದೀಪಾವಳಿ ಕಳೆದು ಲಾಭಪಂಚಮಿಯ ತನಕ ಅಹಮದಾಬಾದಿನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಮಲಗುವಾಗ, ರೈಲಿನಿಂದ ಇಳಿದವರಿಗೆ ಬಿಸಿ ಇಡ್ಲಿ ಸಿಗುತ್ತಿದ್ದುದು ನಮ್ಮಲ್ಲಿ ಮಾತ್ರ. ಮೂವತ್ತೆರಡು ವರ್ಷಗಳಲ್ಲಿ ಆ ಬಾಗಿಲು ಹಾಕಿದ್ದು ಒಂದೇ ಸಲ, ಯಜಮಾನರನ್ನು ಕಳುಹಿಸಿಕೊಟ್ಟ ದಿನ.

ಈ ಪತ್ರವನ್ನು ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಮ್ಮ ಕ್ಷಮೆ ಇರಲಿ. ಗುಜರಾತಿಯಲ್ಲಿ ನಾನು ತರಕಾರಿ ಚೌಕಾಸಿ ಮಾಡಬಲ್ಲೆ, ಹಿಂದಿಯಲ್ಲಿ ರೈಲ್ವೆಯವರೊಡನೆ ಜಗಳವಾಡಬಲ್ಲೆ. ಆದರೆ ಒಬ್ಬ ಮನುಷ್ಯನನ್ನು ಮನಸಾರೆ ಹೊಗಳಬೇಕಾದರೆ ನನಗೆ ಕನ್ನಡವೇ ಬೇಕು. ತಾವು ಯಾರಿಂದಲಾದರೂ ಓದಿಸಿಕೊಳ್ಳಿ. ಓದುವವರು ನಡುವೆ ನಕ್ಕರೆ ಅದು ನನ್ನ ತಪ್ಪಲ್ಲ.

ಪ್ರತಿ ವರ್ಷ ಮಕ್ಕಳಿಗೆ ರಜೆ ಬಂದಾಗ ನಾನು ಮನೆಯಲ್ಲಿ ಒಂದು ಮಾತು ಹೇಳುವುದುಂಟು: ಈ ಸಲವಾದರೂ ನನ್ನ ತವರಿಗೆ ಹೋಗೋಣ, ನಾನು ಹುಟ್ಟಿದ ಕಡಲನ್ನು ಮೊಮ್ಮಗಳು ತಾರಾ ಒಮ್ಮೆ ನೋಡಲಿ. ಪ್ರತಿ ವರ್ಷ ಶ್ರೀಪಾದ ಒಂದೇ ಉತ್ತರ ಕೊಡುತ್ತಾನೆ: “ಅಲ್ಲಿ ಎಂತ ಉಂಟಮ್ಮ? ಉಪ್ಪುನೀರು, ಸೆಕೆ, ಮತ್ತೆ ವಿಠ್ಠಲ ಮಾವ.” ವಿಠ್ಠಲನೆಂದರೆ ನನ್ನ ತಮ್ಮ, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು, ಮಾತಿಗೆ ಸಿಕ್ಕಿದವರನ್ನು ಸುಲಭದಲ್ಲಿ ಬಿಡುವವನಲ್ಲ. ಸೊಸೆ ಇಂದುಮತಿ ಅಹಮದಾಬಾದಿನಲ್ಲೇ ಬೆಳೆದವಳು, ಏನೂ ಹೇಳುವುದಿಲ್ಲ, ಆದರೆ ಮೌಂಟ್ ಅಬುವಿಗೆ ಟಿಕೆಟ್ ತೆಗೆದಿರುತ್ತಾಳೆ. ಹೀಗೆ ತಾರಾಳಿಗೆ ಹನ್ನೊಂದು ವರ್ಷವಾಯಿತು; ಅವಳು ಕಂಡ ಅತಿ ದೊಡ್ಡ ನೀರು ಕಾಂಕರಿಯಾ ಕೆರೆ.

ಇಂಥ ಮನೆಗೆ ತಮ್ಮ ಪುಸ್ತಿಕೆ ಬಂದಿತು. ಹೊಳೆಯುವ ಕಾಗದ, ಎಂಟು ಪುಟ, ಮುಖಪುಟದ ಮೇಲೆ “ಅಂಡಮಾನ್: ಸ್ವರ್ಗದ ಟಾಪು”, ಅಂದರೆ ಸ್ವರ್ಗದ ದ್ವೀಪ. ಹಡಗಿನಲ್ಲಿ ಮೂರು ದಿನ, ದ್ವೀಪದಲ್ಲಿ ಆರು ದಿನ, ಜೊತೆಗೆ ಅಡುಗೆಯ ಮಹಾರಾಜ್, ಒಂದು ಹೊತ್ತೂ ದಾಳ್-ಢೋಕ್ಳಿ ತಪ್ಪುವುದಿಲ್ಲವೆಂಬ ಲಿಖಿತ ಭರವಸೆ. ಸಾವಿರ ಮೈಲಿ ನೀರು ದಾಟಿ ಹೋಗಿ ಮಣಿನಗರದ ಊಟವನ್ನೇ ಉಣ್ಣಬಹುದೆಂಬ ಈ ಏರ್ಪಾಟು ಕಂಡು ನಮ್ಮ ನೆರೆಯವರೆಲ್ಲ ಪುಳಕಿತರಾದರು. ಪಕ್ಕದ ಮನೆಯ ಜಯಂತಿ ಬೆನ್ ಮೊದಲು ಹೆಸರು ಬರೆಸಿದರು, ಆಮೇಲೆ ಇನ್ನು ನಾಲ್ಕು ಮನೆಗಳವರು, ಕೊನೆಗೆ ನನ್ನ ಮಗನೇ. ಒಂದು ಸಂಜೆ ಶ್ರೀಪಾದ ಗಲ್ಲಾದ ಮೇಲೆ ಪುಸ್ತಿಕೆ ಹರಡಿ ನನಗೆ ಪಾಠ ಹೇಳಿದ: “ನೋಡಮ್ಮ, ತೆಂಗಿನಮರ! ನೋಡು, ನೀಲಿ ನೀರು! ಇಂಥ ಕಲ್ಲು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲವಂತೆ.”

ನಾನು ಕನ್ನಡಕ ಹಾಕಿಕೊಂಡು ನೋಡಿದೆ.

ಮಾನ್ಯರೇ, ಯಾರೋ ಕಲ್ಲುಕುಟಿಗ ಪುರುಸೊತ್ತಿನಲ್ಲಿ ಕೂತು ಮೂಲೆ ಮೂಲೆ ಕೆತ್ತಿ ಸಾಲಾಗಿ ನಿಲ್ಲಿಸಿದಂತಿರುವ ಆ ಕರಿಕಲ್ಲಿನ ಕಂಬಗಳ ಮೇಲೆ ನಾನು ಎಂಟನೇ ವಯಸ್ಸಿನಲ್ಲಿ ಜಾರಿಬಿದ್ದು ಮೊಣಕಾಲು ಒಡೆದುಕೊಂಡಿದ್ದೇನೆ. ಕಲೆ ಇನ್ನೂ ಇದೆ. ತಮ್ಮ ಕಚೇರಿಯಿಂದ ಯಾವುದಾದರೂ ಹೆಣ್ಣುಮಗಳನ್ನು ಕಳುಹಿಸಿದರೆ ತೋರಿಸುತ್ತೇನೆ. ಅದು ನಮ್ಮ ಮಲ್ಪೆಯ ಎದುರಿನ ದ್ವೀಪ. ದೋಣಿಯಲ್ಲಿ ಕೂತರೆ ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಮುಟ್ಟುವ ಜಾಗ. ಅದನ್ನು ತಾವು ಒಂದು ಪುಟದ ಬಲದಿಂದ ಎತ್ತಿ, ಇಡೀ ದಕ್ಷಿಣ ಭಾರತವನ್ನು ದಾಟಿಸಿ, ಬಂಗಾಳ ಕೊಲ್ಲಿಯಲ್ಲಿ ಇಳಿಸಿದ್ದೀರಿ. ಪುರಾಣದಲ್ಲಿ ಬೆಟ್ಟ ಎತ್ತಿದವರುಂಟು. ಅವರಿಗೂ ಅದನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಯಿತು. ತಮಗೆ ಛಾಪಖಾನೆಯೇ ಸಾಕಾಯಿತು.

ಇಷ್ಟಾದರೆ ನಾನು ಕಾಲುನೋವು ಮರೆತು ಸುಮ್ಮನಿರುತ್ತಿದ್ದೆ. ಆದರೆ ಐದನೇ ಪುಟವಿತ್ತು. ಅಲ್ಲಿ ಕಲ್ಲಿನ ಕಂಬದ ಪಕ್ಕ ಒಬ್ಬ ಮನುಷ್ಯ. ಮೈಮೇಲೆ ಅಂಗಿಯಿಲ್ಲ, ತಲೆಗೆ ಬೈರಾಸು, ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿದ ಪಂಚೆ, ಎಡಗಾಲನ್ನು ಬಲಮೊಣಕಾಲಿಗೆ ಒತ್ತಿಕೊಂಡು ಕೊಕ್ಕರೆಯಂತೆ ಒಂಟಿಕಾಲಿನ ನಿಲುವು. ಕೆಳಗೆ ತಮ್ಮ ವಿವರಣೆ: “ಟಾಪುವಿನ ಮೂಲನಿವಾಸಿ. ಇವರು ಮರದ ನಾರಿನ ದಾರವನ್ನು ಆಭರಣವಾಗಿ ಎಡಭುಜದಿಂದ ಧರಿಸುತ್ತಾರೆ.”

ನನ್ನ ತಮ್ಮ ಚಿಕ್ಕಂದಿನಿಂದ ನಿಲ್ಲುವುದೇ ಹಾಗೆ. ಆ ನಾರಿನ ದಾರವನ್ನು ಅವನಿಗೆ ಏಳನೇ ವಯಸ್ಸಿನಲ್ಲಿ ನಮ್ಮ ತಂದೆ ಹಾಕಿಸಿದರು. ಆ ದಿನ ಅವನು ಹೋಳಿಗೆ ಹೆಚ್ಚು ತಿಂದು ವಾಂತಿ ಮಾಡಿಕೊಂಡಿದ್ದಕ್ಕೆ ನಾನೇ ಸಾಕ್ಷಿ. ತಮ್ಮ ಮನೆಯ ಪುರೋಹಿತರಿಗೂ ಭುಜದ ಮೇಲೆ ಅಂಥದೊಂದು ಆಭರಣವಿದ್ದೀತು, ದಯವಿಟ್ಟು ಪರೀಕ್ಷಿಸಿ, ಅವರೂ ಅಂಡಮಾನಿನವರಿರಬಹುದು.

ಆದರೂ ಅವಸರದಿಂದ ತೀರ್ಮಾನಿಸುವವಳಲ್ಲ ನಾನು. ಪುಟವನ್ನು ಕತ್ತರಿಸಿ ತಮ್ಮನಿಗೆ ಅಂಚೆಯಲ್ಲಿ ಕಳುಹಿಸಿದೆ. ಹತ್ತನೇ ದಿನ ಆ ಪುಟದ ಜೊತೆಗೇ ಉತ್ತರ ಬಂತು: “ಅಕ್ಕಾ, ಅದು ನಾನೇ ಮಾರಾಯ್ತಿ. ಎರಡು ವರ್ಷದ ಹಿಂದೆ ಕ್ಯಾಮೆರಾದವನೊಬ್ಬ ಬಂದಿದ್ದ. ಅಂಗಿ ತೆಗೀರಿ ಅಂದ, ಸೆಕೆ ಇತ್ತು, ತೆಗೆದೆ. ಈ ಕಲ್ಲು ಹೇಗೆ ಆಯ್ತು ಅಂತ ಒಂದು ಗಂಟೆ ವಿವರಿಸಿದೆ. ತಲೆ ಆಡಿಸಿದ. ಪೆದ್ದನಿಗೆ ಒಂದು ಅಕ್ಷರ ಹೋಗಲಿಲ್ಲ ಅಂತ ಈಗ ಗೊತ್ತಾಯ್ತು.”

ಆ ಕಾಗದವನ್ನು ಹಿಡಿದುಕೊಂಡು ನಾನು ತಮ್ಮ ಕಚೇರಿಗೆ ಖುದ್ದಾಗಿ ಬಂದುದು ತಮಗೆ ನೆನಪಿರಬಹುದು. ತಾವು ಎದ್ದು ನಿಂತು ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ, ನಾನು ಹೇಳಿದ್ದನ್ನೆಲ್ಲ ಕೇಳಿ ಮಂದಹಾಸದಿಂದ ಅಪ್ಪಣೆ ಕೊಡಿಸಿದಿರಿ: “ಟಾಪು ಎಟಲೇ ಟಾಪು, ಬಾ. ಬಧಾ ಸರಖಾ.” ದ್ವೀಪವೆಂದರೆ ದ್ವೀಪ, ಅಮ್ಮಾ, ಎಲ್ಲ ಒಂದೇ. ಮೇಲಾಗಿ ನಮ್ಮಂಥ ಮದ್ರಾಸಿಗಳಿಗೆ ಆ ಕಡೆಯದೆಲ್ಲ ಮನೆಯಂತೆ ಕಾಣುವುದು ಸಹಜವೆಂದು ಸಮಾಧಾನವನ್ನೂ ಹೇಳಿದಿರಿ. ಆ ಚಹಾ ಚೆನ್ನಾಗಿತ್ತು. ಆ ಮಾತನ್ನು ಮನೆ ತಲುಪುವ ತನಕ ನಾನು ನುಂಗಿಕೊಂಡೇ ಬಂದೆ.

ತಮ್ಮ ಈ ಉದಾರ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪಿಕೊಂಡು ಕೆಲವು ಬೇಡಿಕೆಗಳನ್ನು ಸಲ್ಲಿಸುತ್ತೇನೆ. ತಮ್ಮ ಯಾತ್ರಿಕರ ಹಡಗು ಪೋರ್ಟ್‌ಬ್ಲೇರ್ ಮುಟ್ಟುವ ಮೊದಲು ಕಲ್ಲಿನ ಕಂಬಗಳನ್ನು ಜೋಪಾನವಾಗಿ ಬಿಚ್ಚಿ ಅಲ್ಲಿಗೆ ಸಾಗಿಸಬೇಕು, ಏಕೆಂದರೆ ಅವರು ಮೆಚ್ಚಿ ಹೊರಟಿರುವುದು ಅವನ್ನೇ. ಜೊತೆಗೆ ವಿಠ್ಠಲನನ್ನೂ ಸಾಗಿಸತಕ್ಕದ್ದು. ಅವನಿಗೆ ಮಧ್ಯಾಹ್ನ ಕುಚ್ಚಲಕ್ಕಿ ಅನ್ನವೇ ಆಗಬೇಕು, ತಮ್ಮ ಮಹಾರಾಜರಿಗೆ ತಿಳಿಸಿ. ನಮ್ಮ ನೆರೆಯವರು ದಾಳ್‌ಗೂ ಬೆಲ್ಲ ಹಾಕುವವರಾದ್ದರಿಂದ, ಸಮುದ್ರವನ್ನು ಅವರ ನಾಲಿಗೆಗೆ ಒಗ್ಗುವಷ್ಟು ಸಿಹಿ ಮಾಡಿಸಿಕೊಡಬೇಕು. ಕೊನೆಯದಾಗಿ, ತಮ್ಮ ಮೂಲನಿವಾಸಿಯ ಒಡಹುಟ್ಟಿದವಳಾದ ನನಗೂ ಮೂಲನಿವಾಸಿಯೆಂಬ ಪ್ರಮಾಣಪತ್ರ ದಯಪಾಲಿಸಿದರೆ, ಎಲ್ಲಿಯ ಮದ್ರಾಸಿ ಎಂದು ಇನ್ನು ಯಾರಾದರೂ ಕೇಳಿದಾಗ ತೋರಿಸಲು ಅನುಕೂಲವಾಗುತ್ತದೆ.

ಇಷ್ಟಾದರೂ, ಮಾನ್ಯರೇ, ನಾನು ತಮಗೆ ಋಣಿ. ಹನ್ನೊಂದು ವರ್ಷ ನಾನು ಬಾಯಿಮಾತಿನಲ್ಲಿ ಹೇಳಿದ್ದನ್ನು ನನ್ನ ಮನೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಾವು ಹೊಳೆಯುವ ಕಾಗದದ ಮೇಲೆ ಹೇಳಿದಿರಿ, ಒಂದೇ ಸಂಜೆಗೆ ಎಲ್ಲರೂ ಮರುಳಾದರು. ಅವರು ಮೆಚ್ಚಿದ ಮೂರು ಸಂಗತಿಗಳು ಯಾವುವು ಎಂದು ಆಮೇಲೆ ಯೋಚಿಸಿದೆ: ಉಪ್ಪುನೀರು, ಸೆಕೆ, ಮತ್ತೆ ವಿಠ್ಠಲ ಮಾವ.

ತಮ್ಮ ಕಚೇರಿಯಿಂದ ಮರಳಿದ ದಿನವೇ ಶ್ರೀಪಾದನನ್ನೂ ಜಯಂತಿ ಬೆನ್ ಮತ್ತು ಉಳಿದ ನಾಲ್ಕು ಮನೆಯವರನ್ನೂ ಹೋಟೆಲಿನ ಒಳಗಿನ ಕೋಣೆಗೆ ಕರೆಸಿ, ತಮ್ಮ ಪುಸ್ತಿಕೆಯನ್ನೂ ತಮ್ಮನ ಕಾಗದವನ್ನೂ ಮೇಜಿನ ಮೇಲಿಟ್ಟೆ. ಶ್ರೀಪಾದ ಐದನೇ ಪುಟವನ್ನು ಬಹಳ ಹೊತ್ತು ನೋಡಿ, “ಹೌದಲ್ಲಮ್ಮ, ಮಾವನೇ” ಎಂದ. ಜಯಂತಿ ಬೆನ್ ಎಷ್ಟು ನಕ್ಕರೆಂದರೆ ಅವರಿಗೆ ನೀರು ಕುಡಿಸಬೇಕಾಯಿತು. ನಾನು ಹೇಳಿದ್ದು ಇಷ್ಟೇ: ನೀವು ಆರಿಸಿದ್ದು ಈ ಚಿತ್ರವನ್ನು, ನಾವು ಹೋಗುವುದು ಈ ಚಿತ್ರಕ್ಕೆ.

ಅದರಂತೆ ತಮ್ಮ ಯಾತ್ರೆಯಿಂದ ಇಪ್ಪತ್ತಮೂರು ಹೆಸರುಗಳನ್ನು ಹೊಡೆದುಹಾಕಿಸಿದ್ದು ನಾನೇ. ಗುಜರಾತಿ ಹೊಸ ವರ್ಷದ ಮಾರನೆಯ ದಿನ, ಶ್ರೀ ಅನಂತ ವಿಲಾಸದ ಬಾಗಿಲನ್ನು ಎರಡನೇ ಸಲ ನಾನೇ ಎಳೆದು, “ದೇವದೀಪಾವಳಿಯ ತನಕ ಯಜಮಾನಿ ತವರಿನಲ್ಲಿ” ಎಂದು ಮೂರು ಭಾಷೆಗಳಲ್ಲಿ ಹಲಗೆ ನೇತುಹಾಕಿ, ಬೊಂಬಾಯಿಯ ಮಾರ್ಗವಾಗಿ ಬಸ್ಸಿನಲ್ಲಿ ಇಪ್ಪತ್ತಮೂರು ಜನರನ್ನೂ ಇಲ್ಲಿಗೆ ಕರೆದುತಂದೆ. ನಿನ್ನೆ ಅಷ್ಟೂ ಜನ ದ್ವೀಪಕ್ಕೆ ಹೋಗಿಬಂದೆವು. ತಾರಾ ಕಂಬಗಳ ಮೇಲೆ ಹತ್ತಿ ನಿಂತು, ಕನ್ನಡ, ಗುಜರಾತಿ ಕಲಸಿ ಕೇಳಿದಳು: “ಅಜ್ಜಿ, ಆ ಬಧು, ಇದೆಲ್ಲ ನಿಮ್ಮದಾ? ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?” ಅವಳ ಹಿಂದೆ ನಿಂತಿದ್ದ ಶ್ರೀಪಾದ, ನನಗಿಂತ ಮೊದಲೇ, “ಅಜ್ಜಿ ಹೇಳಿದ್ರು ಮಗಾ, ನಾನು ಕೇಳಲಿಲ್ಲ” ಎಂದ. ಮುಂದಿನ ವರ್ಷದ ರಜೆಗೆ ಬಸ್ಸಿನ ಸೀಟುಗಳನ್ನು ಅವನೇ ಕಾದಿರಿಸುತ್ತಾನಂತೆ. ಕೂರು ಎಂದು ಈ ಬಾರಿ ನಾನು ಹೇಳಲಿಲ್ಲ.

ತಮ್ಮ ವಿಶ್ವಾಸಿಯೂ
ತಮ್ಮ ಟಾಪುವಿನ ಏಕೈಕ ಮೂಲನಿವಾಸಿಯ ಅಕ್ಕನೂ ಆದ,
ಸುಲೋಚನಾ ಉಪಾಧ್ಯ

ಮರೆತ ಮಾತು: ತಮ್ಮ ಪುಸ್ತಿಕೆಯ ಭೂಪಟವನ್ನು ವಿಠ್ಠಲ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಎರಡು ಅಂಕ ಕೊಟ್ಟು, ಪೋಷಕರ ರುಜು ಹಾಕಿಸಿ ತರಬೇಕೆಂದು ಬರೆದಿದ್ದಾನೆ, ಲಗತ್ತಿಸಿದ್ದೇನೆ. ಬರುವ ವರ್ಷ ತಾವು ಕಾಶ್ಮೀರಕ್ಕೆ ಯಾತ್ರೆ ಹೊರಡಿಸುವ ಸುದ್ದಿಯಿದೆ. ಚಿತ್ರ ಅಚ್ಚಾಗುವ ಮೊದಲು ದಯವಿಟ್ಟು ನನಗೊಮ್ಮೆ ತೋರಿಸಿ. ನಾವು ಹೋಟೆಲಿನವರು, ನಮ್ಮ ಕುಟುಂಬದವರಿಲ್ಲದ ಊರು ಈ ದೇಶದಲ್ಲಿ ಕಡಿಮೆ. ತಮ್ಮ ಹಿಮಾಲಯದಲ್ಲಿ ನನ್ನ ದೊಡ್ಡಮ್ಮನ ಮಗ ದೋಸೆ ಹುಯ್ಯುತ್ತಾ ನಿಂತಿರಲಿಕ್ಕೂ ಸಾಕು.