ಕುದಿಸಿದ ಅಳತೆ

ಎಚ್ಚರಿಕೆ ಒಳ್ಳೆಯ ಗುಣವೆಂದು ಹೇಳುವವರು ಬಹಳ ಜನ. ಅದು ತಲೆಗೇರಿದರೆ ಏನಾಗುತ್ತದೆಂದು ಹೇಳುವವರು ಕಡಿಮೆ, ಏಕೆಂದರೆ ಹೇಳಿದರೆ ಮಾನ ಹೋಗುತ್ತದೆ. ನನ್ನದು ಹೋಗಿ ಎಷ್ಟೋ ಕಾಲವಾಗಿರುವುದರಿಂದ ಹೇಳಲು ಅಡ್ಡಿಯಿಲ್ಲ. ನಾಗಪುರದ ಸದರ್‌ನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಧಾರವಾಡದಿಂದ ಕತ್ತರಿ ಹಿಡಿದು ಬಂದ ನನಗೆ ರೈಲ್ವೆಯಲ್ಲಿದ್ದ ಕನ್ನಡದವರೇ ಹೆಚ್ಚಿನ ಗಿರಾಕಿಗಳು; ಅವರಿಗೆ ಬೇಕಾದದ್ದು ಕೋಟೋ, ಎರಡು ಕನ್ನಡ ಮಾತೋ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಐವತ್ತೇಳರಲ್ಲಿ ಫ್ಲೂ ಜ್ವರ ಊರಿಗೆ ಕಾಲಿಟ್ಟಾಗ ನಮ್ಮ ಬೀದಿಯಲ್ಲಿ ಮೊದಲು ಹೆದರಿದವನು ನಾನು. ಬೇರೆ ಕಸುಬುಗಳು ಗಿರಾಕಿ ದೂರ ನಿಂತರೂ ನಡೆಯುತ್ತವೆ. ದರ್ಜಿಯಾದವನು ಗಿರಾಕಿಯನ್ನು ಹೆಚ್ಚು ಕಡಿಮೆ ತಬ್ಬಿಕೊಳ್ಳದೆ ಎದೆಯ ಅಳತೆ ತೆಗೆಯಲಾರ. ಕೆಮ್ಮುವವನನ್ನು ತಬ್ಬಿಕೊಳ್ಳುವುದು ಹೇಗೆ? ತಬ್ಬಿಕೊಳ್ಳದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ?

ಎರಡು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಹಿಡಿದೆ. ಗಿರಾಕಿಗಳು ಒಳಗೆ ಬರುವುದೇ ಬೇಡ. ಮನೆಯವರು ಹತ್ತಿಯ ದಾರದಿಂದ ಅಳತೆ ತೆಗೆದು, ಎದೆಯ ದಾರಕ್ಕೆ ಒಂದು ಗಂಟು, ಸೊಂಟದ ದಾರಕ್ಕೆ ಎರಡು, ತೋಳಿನದಕ್ಕೆ ಮೂರು ಗಂಟು ಹಾಕಿ, ಬಟ್ಟೆಯೊಡನೆ ಬಾಗಿಲಲ್ಲಿ ಇಟ್ಟು ಹೋಗಬೇಕು. ಟ್ರಯಲ್ ಕೂಡ ಇಲ್ಲ. ದಾರದ ಅಳತೆ ಹೊಸದೇನೂ ಅಲ್ಲ. ನಮ್ಮ ಅಜ್ಜಿ ಬಳೆಗೆ ಹೀಗೆಯೇ ಮಣಿಕಟ್ಟಿನ ದಾರ ಕೊಟ್ಟು ಪೇಟೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಒಮ್ಮೆ ನಮ್ಮ ಕಾಕಾ ಆ ದಾರದಲ್ಲೇ ಬೆಲ್ಲದ ಪೊಟ್ಟಣ ಕಟ್ಟಿಕೊಂಡು ಬಂದು, ಬಳೆ ಎಲ್ಲಿ ಎಂದರೆ ಯಾವ ಬಳೆ ಎಂದಿದ್ದ. ನಾನು ಅಂಥ ಅಜಾಗರೂಕನಲ್ಲ. ಬಂದ ದಾರಗಳನ್ನು ಒಬ್ಬೊಬ್ಬರದೂ ಬೇರೆ ಬೇರೆಯಾಗಿ ಕೊತಕೊತ ಕುದಿಸಿ, ಬಿಸಿಲಿಗೆ ಒಣಹಾಕಿ, ಆಮೇಲೆಯೇ ಬಟ್ಟೆಯ ಮೇಲಿಟ್ಟು ಗುರುತು ಹಾಕುತ್ತಿದ್ದೆ. ಇಡೀ ಸದರ್‌ನಲ್ಲಿ ಇಷ್ಟು ಶುದ್ಧವಾದ ಅಂಗಡಿ ಇನ್ನೊಂದಿಲ್ಲವೆಂದು ಒಳಗೊಳಗೇ ಬೀಗಿದೆ.

ಆ ದಿನಗಳಲ್ಲೇ ನಮ್ಮ ಬೀದಿಯ ಇನಾಮದಾರ ಮಾಸ್ತರರ ಮಗಳ ಮದುವೆ. ವರ ಇಲ್ಲಿಯೇ ರೈಲ್ವೆಯ ತಾರು ಕಚೇರಿಯಲ್ಲಿದ್ದ. ಅಳಿಯನಿಗೆ ಸೂಟು ಹೆಣ್ಣಿನವರದು. ವರನ ತಾಯಿ ದಾರ ಕಳಿಸಿದರು, ನಾನು ಕುದಿಸಿದೆ, ಹೊಲಿದೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ವರಪೂಜೆಗೆ ನನ್ನನ್ನೂ ಕರೆದಿದ್ದರು. ಹೊಗಳಿಕೆ ಕೇಳಿಸಿಕೊಳ್ಳಲು ಮುಂದೆಯೇ ಕುಳಿತೆ. ವರ ಕೋಟು ಏರಿಸಿಕೊಂಡು ಹೊರಬಂದ. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು. ಗುಂಡಿಗೂ ಅದರ ಕಾಜಕ್ಕೂ ಭೇಟಿಯೇ ಇಲ್ಲ.

"ಅವ್ವಾ, ಜರಾ ಥಾಂಬ, ಉಸಿರು ಬರವಲ್ತು," ಎಂದ ವರ; ಸ್ವಲ್ಪ ತಡಿ ಎನ್ನುವುದಕ್ಕೂ ಅವನ ಬಾಯಿಗೆ ನಾಗಪುರದ ಮರಾಠಿಯೇ ಬಂದಿತ್ತು.

ವರನ ತಾಯಿ ನೇರವಾಗಿ ಬೀಗರ ಕಡೆ ತಿರುಗಿದರು. "ಏನ್ರೀ ಇನಾಮದಾರರ, ಅಳಿಯಗ ಹೊಸಾ ಕೋಟು ಹೊಲಿಸೀರೋ, ಯಾರದೋ ಹುಡುಗನ ಕೋಟು ತಂದು ತೊಡಿಸೀರೋ? ಇಷ್ಟು ಬಟ್ಟಿ ಉಳಿಸೋ ಮನಿಯಾಗ ನಮಗ ಸಂಬಂಧ ಬ್ಯಾಡ. ನಡಿಯೋ, ಹೋಗೂಣು."

ಬೆಳಗಾದರೆ ಅಕ್ಷತೆ. ಮಾಸ್ತರರ ಮುಖ ಸುಣ್ಣ ಬಳಿದ ಹಾಗಾಯಿತು. ಅವರು ನನ್ನತ್ತ ನೋಡಿದರು. ನಾನು ಮೊದಲು ಮಾಡಿದ್ದು ದರ್ಜಿಗಳೆಲ್ಲ ಮಾಡುವ ಕೆಲಸ: ಗಿರಾಕಿಯ ಮೇಲೆ ತಪ್ಪು ಹೊರಿಸಿದೆ. "ಮದುವಿ ಖುಷಿಗೆ ವರ ಸ್ವಲ್ಪ ತುಂಬ್ಯಾನ್ರೀ," ಎಂದೆ.

"ತುಂಬ್ಯಾನಾ? ದಾರಾ ಕಳಿಸಿದ ಮರುದಿನಾನ ಜ್ವರಾ ಬಂದು ಮಲಗಿ ನಿನ್ನೆ ಎದ್ದಾನ! ಬರೇ ಗಂಜಿ ಮ್ಯಾಲೆ ಇದ್ದಾನ!" ಎಂದು ವರನ ತಾಯಿ ಗದರಿದರು.

ಆಗ ನನಗೆ ಸಿಡಿಲು ಬಡಿದಂತಾಯಿತು. ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಬಿಸಿನೀರಿಗೆ ಬಿದ್ದರೆ ಇನ್ನೂ ಕುಗ್ಗುತ್ತದೆ, ನೆನೆಸದೆ ಬಟ್ಟೆ ಕತ್ತರಿಸಬಾರದು ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದವನು ನಾನೇ. ಜ್ವರದಲ್ಲಿ ವರ ಇಳಿದಿದ್ದ, ನಿಜ. ನನ್ನ ಕೈಯಲ್ಲಿ ಅವನ ದಾರ ಅವನಿಗಿಂತ ಹೆಚ್ಚು ಇಳಿದಿತ್ತು. ಎದ್ದು ನಿಂತು ಕೈ ಮುಗಿದೆ. "ಬಾಯಾರ, ಮಾಸ್ತರರದು ತಪ್ಪಿಲ್ಲ. ತಪ್ಪು ನಂದು. ನಾನು ದಾರಾ ಕುದಿಸಿದೆ."

"ದಾರಾ ಕುದಿಸಿದ್ರ್ಯಾ? ಯಾಕ, ಸಾರು ಮಾಡ್ಲಿಕ್ಕೇನು?"

ಮೊದಲು ನಕ್ಕವನು ವರ. ನಗುವಿನ ಭರಕ್ಕೆ ಬೆನ್ನಿನ ಹೊಲಿಗೆ ಪರ್ರೆಂದು ಬಿಟ್ಟಿತು. ಆಮೇಲೆ ಅವನ ತಾಯಿಯೂ ಸೆರಗು ಬಾಯಿಗಿಟ್ಟುಕೊಂಡರು. ನಾನು ಟೇಪು ತೆಗೆದು, ಎರಡು ವಾರದಿಂದ ಯಾರನ್ನೂ ಮುಟ್ಟದವನು, ಹಿಂದಿನ ದಿನವಷ್ಟೇ ಜ್ವರದಿಂದ ಎದ್ದವನನ್ನು ಗಟ್ಟಿಯಾಗಿ ತಬ್ಬಿ ಅಳತೆ ತೆಗೆದೆ. ಅವನು ನನ್ನ ಕಿವಿಯಲ್ಲೇ ಎರಡು ಸಲ ಕೆಮ್ಮಿದ. ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುವ ಅಭ್ಯಾಸ ಅಂದು ನನ್ನನ್ನು ಕಾಪಾಡಿತು. ಅಲ್ಲೇ ಕುಳಿತು ಬಿಚ್ಚಿ ಹೊಲಿದೆ, ಮದುವೆಯೂ ಸಾಂಗವಾಗಿ ನಡೆಯಿತು.

ಮದುವೆಯ ಊಟ ಮುಗಿಸಿ ಮನೆಗೆ ಬಂದು, ನಾಲ್ಕು ಜನರ ಮುಂದೆ ಸತ್ಯ ಹೇಳಿದ ನನ್ನ ಧೈರ್ಯವನ್ನು ಹೆಂಡತಿಗೆ ಸ್ವಲ್ಪ ಉಪ್ಪುಖಾರ ಹಚ್ಚಿಯೇ ವರ್ಣಿಸಿದೆ. ಅವಳು ಎಲ್ಲ ಕೇಳಿ, "ಅವರ ದಾರಾ ಒಂದೇ ಕುದಿಸಿದ್ರೋ, ಎಲ್ಲಾರದೂ ಕುದಿಸೀರೋ?" ಎಂದಳು.

ಅಂಗಡಿಯಲ್ಲಿ ಒಂಬತ್ತು ಜನರ ಬಟ್ಟೆ ಹೊಲಿದು ತೂಗುಹಾಕಿದ್ದೆ; ಜ್ವರದ ಭಯಕ್ಕೆ ಯಾರೂ ಇನ್ನೂ ಒಯ್ಯಲು ಬಂದಿರಲಿಲ್ಲ. ಮರುದಿನ ಬಾಗಿಲಿಗೆ ಚೀಟಿ ಅಂಟಿಸಿದೆ: 'ಮಾಲೀಕರಿಗೆ ಫ್ಲೂ. ಎಂಟು ದಿನ ಅಂಗಡಿ ಬಂದ್.' ಒಳಗೆ ಚಿಲಕ ಹಾಕಿಕೊಂಡು, ಹೊಸ ದಾರವೊಂದನ್ನು ಅಳೆದು, ಕುದಿಸಿ, ಮತ್ತೆ ಅಳೆದು, ಎಷ್ಟು ಕುಗ್ಗುತ್ತದೆಂದು ಕಂಡುಕೊಂಡು ಒಂಬತ್ತನ್ನೂ ಬಿಚ್ಚತೊಡಗಿದೆ. ಸಂಜೆ ಕಿಟಕಿ ಬಡಿದ ಸದ್ದಾಯಿತು. ನೋಡಿದರೆ ಇನಾಮದಾರ ಮಾಸ್ತರರು, ಕೈಯಲ್ಲಿ ತಂಬಿಗೆ. "ನಮ್ಮ ಅಳಿಯನ್ನ ಮುಟ್ಟಿ ನಿಮಗ ಜ್ವರಾ ಬಂತಲ್ರೀ, ನನ್ನ ಮಾನಾ ಉಳಿಸ್ಲಿಕ್ಕೆ ಹೋಗಿ," ಎನ್ನುವಾಗ ಅವರ ಕಣ್ಣು ತುಂಬಿತ್ತು. ತಂಬಿಗೆಯಲ್ಲಿ ಬೇವಿನ ಚಕ್ಕೆಯ ಕಷಾಯ. ಎಂಟು ದಿನವೂ ಬಂದರು, ಕುಡಿದು ಮುಗಿಸುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ. ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದಾಗಲೆಲ್ಲ ಅವರು ಇನ್ನೊಂದು ಲೋಟ ಬಗ್ಗಿಸಿ ಕೊಟ್ಟರು.