ಚಪಳಗಾಂವದ ಮೋರಿಸ್ ಮತ್ತು ಮಾತು ಬಿಟ್ಟ ಅಪ್ಪ

ಹಳೇ ಗಾಡಿ ಇಟ್ಟುಕೊಂಡವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ. ಅವು ನಡೆಯುವಾಗ ನಗು ಬರುವುದಿಲ್ಲ, ಅಷ್ಟೇ. ಎಪ್ಪತ್ತರ ದಶಕದ ನಡುವೆ ಸೊಲ್ಲಾಪುರದ ನಮ್ಮ ಮನೆಯ ಅಂಗಳದಲ್ಲಿ ಒಂದು ಮೋರಿಸ್ ಮೈನರ್ ಕಾರು ಒಂದೂವರೆ ವರ್ಷ ನಿಂತಿತ್ತು. ನಾನಾಗ ಅಪ್ಪನ ಚಾದರದ ಅಂಗಡಿಯಲ್ಲಿ ಕೂಡುತ್ತಿದ್ದೆ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಗಾಡಿಯ ಕೆಳಗೆ ಮಲಗುತ್ತಿದ್ದೆ. ಅಪ್ಪನ ಪ್ರಕಾರ ಅಂಗಡಿಯಲ್ಲಿ ಕೂತಾಗಲೂ ನಾನು ಗಾಡಿಯ ಕೆಳಗೇ ಇರುತ್ತಿದ್ದೆ.

೧. ಕಾವಿಗೆ ಕೂತ ಕೋಳಿ

ಗಾಡಿ ಸಿಕ್ಕಿದ್ದು ಚಪಳಗಾಂವದಲ್ಲಿ. ಅಲ್ಲಿಯ ವಯಸ್ಸಾದ ಡಾಕ್ಟರರೊಬ್ಬರು ಓಡಿಸಿ ಬಿಟ್ಟದ್ದು. ಎಂಟು ವರ್ಷದಿಂದ ಅವರ ಹೊಲದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಡಾಕ್ಟರರು "ಒಯ್ಯಪಾ, ಪುಣ್ಯಾ ಬರ್ತದ" ಎಂದರು. ಹೊಲ ನೋಡಿಕೊಳ್ಳುವವನ ಹೆಂಡತಿ ಮಾತ್ರ ಒಪ್ಪಲಿಲ್ಲ.

"ಒಯ್ಯಾಕ ಬರಂಗಿಲ್ರಿ. ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗಿ ಕುಂತೈತಿ. ಎಬ್ಬಿಸಿದ್ರ ತತ್ತಿ ಎಲ್ಲಾ ಹಾಳಾಗ್ತಾವ."

"ಇನ್ನ ಎಷ್ಟ ದಿನಾ ಬೇಕವ್ವಾ?"

"ಹನ್ನೆರಡ ದಿನಾ ತಡೀರಿ."

ಗಾಡಿ ಎಳೆಯಲು ನಾನು ಗೊತ್ತು ಮಾಡಿದ್ದ ಲಾರಿ ಹನ್ನೆರಡು ನಿಮಿಷ ತಡೆಯಲೂ ತಯಾರಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಕೋಳಿ ಕೂತಲ್ಲೇ ಕೂತು ಸೊಲ್ಲಾಪುರಕ್ಕೆ ಬರುವುದು, ಮರಿ ಹೊರಬಂದ ಮೇಲೆ ತಾಯಿ ಮಕ್ಕಳನ್ನು ನಾನು ಸುರಕ್ಷಿತವಾಗಿ ವಾಪಸು ಮುಟ್ಟಿಸುವುದು. ಲಾರಿಯ ಹಿಂದೆ ಹಗ್ಗ ಕಟ್ಟಿಕೊಂಡು ಬಂದೆವು. ದಾರಿಯುದ್ದಕ್ಕೂ ನನ್ನ ಎಲುಬು ಅಲುಗಾಡಿದವು, ಕೋಳಿ ಅಲುಗಾಡಲಿಲ್ಲ.

ನಮ್ಮದು ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಲಿಂಗಾಯತರ ಮನೆ. ಗಾಡಿ ತರುವ ವಿಷಯವನ್ನು ನಾನು ಅಪ್ಪನಿಗೆ ಹೇಳಿರಲೂ ಇಲ್ಲ. ಅಪ್ಪ ಹೊರಗೆ ಬಂದರು, ಗಾಡಿಯನ್ನು ಒಂದು ಸುತ್ತು ಹಾಕಿದರು, ಹಿಂದಿನ ಬಾಗಿಲು ತೆಗೆದರು. ಕೋಳಿ ಅಪ್ಪನನ್ನು ನೋಡಿತು. ಅಪ್ಪ ಕೋಳಿಯನ್ನು ನೋಡಿದರು. ಬಾಗಿಲು ಮುಚ್ಚಿ ಒಳಗೆ ಹೋದರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು.

ಹದಿಮೂರನೆಯ ದಿನ ಕೋಳಿ, ಮರಿ ಎಲ್ಲ ಚಪಳಗಾಂವಕ್ಕೆ ಹೋದವು. ಹೋದ ಮಾತು ಮಾತ್ರ ತಿರುಗಿ ಬರಲಿಲ್ಲ.

೨. ನಡುವೆ ಅವ್ವ

ಊಟಕ್ಕೆ ನಾವಿಬ್ಬರೂ ಎದುರುಬದುರು ಕೂಡುತ್ತಿದ್ದೆವು. ಮಾತೆಲ್ಲ ಅವ್ವನ ಮೂಲಕ.

"ಕೇಳಿಲ್ಲೇನ, ಆ ಮೋಟಾರ ಮಾಲಕರಿಗಿ ಸಾರು ಬೇಕೇನ ಕೇಳು."

"ಬೇಕಂತ ಹೇಳವ್ವಾ."

"ಬೇಕಂತ್ರಿ" ಎನ್ನುತ್ತಿದ್ದಳು ಅವ್ವ. ಸಾರಿನ ಪಾತ್ರೆ ಅಪ್ಪನ ಕೈಯಲ್ಲೇ ಇರುತ್ತಿತ್ತು.

ನಮ್ಮ ಕಡೆ ಯಾವ ಗಾಡಿ ಬಂದರೂ ಮೊದಲು ಅಕ್ಕಲಕೋಟಕ್ಕೆ ಹೋಗಿ ಮಠದ ಮುಂದೆ ಕಾಯಿ ಒಡೆಸಿಕೊಂಡು ಬರಬೇಕು. ಒಂದು ವರ್ಷ ದಾಟಿದ ಮೇಲೆ ಅಪ್ಪ ಅದನ್ನೇ ಹಿಡಿದುಕೊಂಡು ತೀರ್ಪು ಕೊಟ್ಟರು.

"ಅವಗ ಹೇಳು. ದಸರಾದ ದಿನಾ ಆ ಗಾಡಿ ಯಾರೂ ಜಗ್ಗದ, ಯಾರೂ ದೂಡದ ಅಕ್ಕಲಕೋಟಿ ಮುಟ್ಟಬೇಕು. ಇಲ್ಲಂದ್ರ ಮರದಿನಾ ಹಳೇ ಕಬ್ಬಿಣದ ಭಂಗಾರದಾಂವ ಬಂದು ತೂಕ ಮಾಡಿ ಒಯ್ತಾನ."

ಅವ್ವ ನನ್ನ ಕಡೆ ತಿರುಗಿದಳು. "ದಸರಾಕ್ಕ ಎಲ್ಲಾರೂ ನಿನ್ನ ಗಾಡ್ಯಾಗ ಅಕ್ಕಲಕೋಟಿಗಿ ಹೋಗೂಣು ಅಂತಾರಪಾ."

ಮಾತು ಮುಟ್ಟಿಸುವಾಗ ಅವ್ವ ಹೀಗೆ ಖಾರ ತೆಗೆದೇ ಬಡಿಸುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಭಂಗಾರದವನ ಭಯ ಅಷ್ಟಿರಲಿಲ್ಲ. ಗಾಡಿ ಹೋದ ಮೇಲೂ ಅಪ್ಪ ಹೀಗೇ ಉಳಿದುಬಿಟ್ಟರೆ ಎಂಬ ಭಯ ಇತ್ತು. ಅದನ್ನು ಹೇಳಿಕೊಳ್ಳಲು ಹೋದರೆ ಅವ್ವ ಅಂದಳು, "ಇಬ್ರೂ ಒಂದೇ ಮಾತು ನನ್ನ ಮುಂದ ಆಡ್ತೀರಿ. ನನಗರೆ ಎಷ್ಟ ಸಲಾ ಕೇಳಬೇಕು?"

೩. ಸಪ್ಪಳ

ಸೊಲ್ಲಾಪುರದಲ್ಲಿ ಮೋಟಾರು ಮಿಸ್ತ್ರಿಗಳಿಗಿಂತ ಮಗ್ಗದ ಮಿಸ್ತ್ರಿಗಳು ಸುಲಭವಾಗಿ ಸಿಗುತ್ತಾರೆ. ನನಗೆ ಸಿಕ್ಕವರು ನಮ್ಮ ಓಣಿಯ ಪವರ್‌ಲೂಮ್ ಫಿಟ್ಟರ್, ಮೂಲ ವಾಗದರಿಯವರು. ವಿಲಾಯತಿ ಸಾಮಾನು ಸಿಗದ ಕಡೆಯಲ್ಲೆಲ್ಲ ಮಗ್ಗದ ಸ್ಪ್ರಿಂಗು, ಮಗ್ಗದ ನಟ್ಟು, ಮಗ್ಗದ ಚರ್ಮದ ಪಟ್ಟಿ ಕೂಡಿಸಿದರು. ಆಶ್ಚರ್ಯವೆಂದರೆ ಎಲ್ಲವೂ ಕೂತವು.

ಇಂಜಿನ್ ಬಿಚ್ಚಿ ಕಟ್ಟಿದ ಮೇಲೆ ಒಂದು ಬೆಳಿಗ್ಗೆ ಮುಂದಿನ ಹ್ಯಾಂಡಲ್ ತಿರುವಿದೆವು. ಹತ್ತೆಂಟು ಸಲ ಕೆಮ್ಮಿ ಚಾಲೂ ಆಯಿತು. ಹೊಲಿಗೆ ಮಶೀನಿನ ಹಾಗೆ ಮೆತ್ತಗೆ ಓಡಿತು. ನಾನು ಕುಣಿಯುವುದೊಂದು ಬಾಕಿ. ಫಿಟ್ಟರ್ ಮಾತ್ರ ಮುಖ ಗಂಟು ಹಾಕಿಕೊಂಡು ಬಾನೆಟ್ಟಿಗೆ ಕಿವಿ ಹಚ್ಚಿದರು.

"ಬಂದ್ ಮಾಡ್ರಿ. ಏನೋ ಗಡಬಡ ಐತಿ."

"ಯಾಕ್ರಿ ಮಿಸ್ತ್ರಿ, ಛಲೋ ನಡದದಲ್ಲ?"

"ಸಪ್ಪಳಾನ ಬರವಲ್ದು. ಸಪ್ಪಳಾ ಇಲ್ದ ಯಾವ ಮಶೀನ ನಡೀತೈತ್ರಿ?"

ನಲವತ್ತು ಮಗ್ಗಗಳ ನಡುವೆ ಬಾಳಿದ ಮನುಷ್ಯ. ಎಲ್ಲಿ ಸಪ್ಪಳ ನಿಂತಿತೋ ಅಲ್ಲಿ ನೂಲು ಹರಿದಿದೆ ಎಂದು ಓಡುವುದೇ ಅವರ ಕೆಲಸ. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವರು ಸೈಲೆನ್ಸರನ್ನು ಬಿಚ್ಚಲು ಹೋಗಿದ್ದರು, ತುಕ್ಕು ತಿಂದಿದ್ದ ಅದು ಎರಡು ತುಂಡಾಗಿತ್ತು. ಗಾಡಿ ಗುಡುಗುತ್ತಿತ್ತು. ಅರ್ಧ ಓಣಿ ಹೊರಗೆ ಬಂದು ನಿಂತಿತ್ತು. ಫಿಟ್ಟರ್ ಎರಡೂ ಕೈ ಬಾಯಿಗೆ ಹಿಡಿದು ನನ್ನ ಕಿವಿಯಲ್ಲಿ ಕೂಗಿದರು, "ಈಗ ಹಾದಿಗಿ ಬಂತ ನೋಡ್ರಿ."

೪. ಟಾವೆಲ್

ಈ ಗಾಡಿಗೆ ತಿರುಗುವ ದಿಕ್ಕು ತೋರಿಸಲು ಮಿಣಮಿಣ ದೀಪ ಇರಲಿಲ್ಲ. ಬಾಗಿಲುಗಳ ನಡುವಿನ ಕಂಬದಿಂದ ಗೇಣುದ್ದದ ಒಂದು ಕೈ ಹೊರಗೆ ಬಂದು ನಿಲ್ಲುತ್ತಿತ್ತು. ಅದನ್ನು ರಿಪೇರಿ ಮಾಡಿ, ಎಷ್ಟು ಹೊತ್ತು ನಿಲ್ಲುತ್ತದೆ ನೋಡೋಣವೆಂದು ಹೊರಗೇ ಬಿಟ್ಟು ಗಾಡಿಯ ಕೆಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಗಾಡಿಯ ಪಕ್ಕ ಅಪ್ಪನ ಕಾಲು ಕಂಡವು. ವರ್ಷದಲ್ಲಿ ಒಮ್ಮೆಯೂ ಗಾಡಿಯ ಸಮೀಪ ಬಂದವರಲ್ಲ. ಐದು ನಿಮಿಷವಾಯಿತು, ಹತ್ತಾಯಿತು, ಕಾಲು ಕದಲಲಿಲ್ಲ. ನನ್ನ ಕೆಲಸ ನೋಡುತ್ತ ನಿಂತಿದ್ದಾರೆಂದು ನನಗೆ ಎದೆ ತುಂಬಿ ಬಂತು. ಬೇಡದ ನಟ್ಟನ್ನೂ ಬಿಚ್ಚಿ ಬಿಗಿದು ತೋರಿಸಿದೆ.

ಅರ್ಧ ತಾಸಿನ ಮೇಲೆ ಅವ್ವ ಸಂತೆಯಿಂದ ಬಂದಳು. ಆಗ ಅಪ್ಪನ ದನಿ ಕೇಳಿತು.

"ಎಷ್ಟ ಹೊತ್ತು? ಆ ಮಾಲಕರಿಗಿ ಹೇಳು, ನನ್ನ ಟಾವೆಲ್ ಬಿಡು ಅಂತ."

ಸ್ನಾನ ಮಾಡಿ ಬಂದ ಅಪ್ಪ, ಗೂಟವೊಂದು ಹೊಸದಾಗಿ ಬಂದಿದೆ ಎಂದು ಒದ್ದೆ ಟಾವೆಲನ್ನು ಆ ಕೈಯ ಮೇಲೆ ಹಾಕಿದ್ದರು. ಅದೇ ಹೊತ್ತಿಗೆ ಕೆಳಗೆ ನಾನೊಂದು ತಂತಿ ಕಳಚಿದ್ದೆ, ಕೈ ಟಾವೆಲಿನ ತುದಿ ಕಚ್ಚಿಕೊಂಡು ಒಳಗೆ ಮಡಚಿಕೊಂಡಿತ್ತು. ಜಗ್ಗಿದರೆ ಕೈ ಮುರಿದ ಅಪವಾದ ಬರುತ್ತದೆ, ಕರೆದರೆ ಮಾತು ಆಡಿದಂತಾಗುತ್ತದೆ. ಹಾಗಾಗಿ ತುದಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು. ಬಿಡಿಸಿಕೊಡುವ ಹೊತ್ತಿಗೆ ಟಾವೆಲ್ ಒಣಗಿತ್ತು.

೫. ದಸರೆಯ ದಿನ

ಅವ್ವ ಹಿಂದಿನ ದಿನವೇ ಅಕ್ಕಲಕೋಟದ ತಂಗಿಯ ಮನೆಗೆ ಹೋಗಿದ್ದಳು. ಗಾಡಿಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ನನ್ನ ಪಕ್ಕ ಕೂತರೆ ಮಾತು ಬರಬಹುದೆಂದೋ ಏನೋ, ಅಪ್ಪ ಹಿಂದಿನ ಸೀಟಿನಲ್ಲಿ ಕಾಲಿನ ಜೋಡು ಕಳಚಿ, ಚಕ್ಕಳಮಕ್ಕಳ ಹಾಕಿ ಕೂತರು. ಹಿಂದಿನದನ್ನು ನೋಡುವ ಕನ್ನಡಿ ಎಲ್ಲೂ ಸಿಕ್ಕಿರಲಿಲ್ಲ. ಸೈಲೆನ್ಸರಿಲ್ಲದ ಗಾಡಿ ಊರೆಲ್ಲ ಎಬ್ಬಿಸುತ್ತ ಹೊರಟಿತು.

ಊರು ದಾಟುವಲ್ಲಿ ಜಕಾತಿ ನಾಕಾದ ಹತ್ತಿರ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಚಾಲೂ ಆಗಲಿಲ್ಲ. ಚಹಾದ ಅಂಗಡಿಯ ಮೂರು ನಾಲ್ಕು ಮಂದಿ ತಾವಾಗಿಯೇ ಬಂದು ಹಿಂದಿನಿಂದ ದೂಡಿದರು. ಇಂಜಿನ್ ಹಿಡಿಯಿತು. ಮತ್ತೆ ನಿಂತೀತೆಂಬ ಭಯಕ್ಕೆ ನಾನು ನಿಲ್ಲಿಸಲೇ ಇಲ್ಲ.

ದೂಡಿದ್ದಾಯಿತು, ಅಪ್ಪನ ಷರತ್ತು ಮುರಿದಿತ್ತು. ಹೇಗಿದ್ದರೂ ನಾಳೆ ಭಂಗಾರದವನು ಬರುತ್ತಾನೆ ಎಂದು ನನಗೂ ಧೈರ್ಯ ಬಂತು. ಮುಖ ನೋಡಿದರೆ ಬಾಯಿ ಕಟ್ಟುತ್ತದೆ ಎಂದು ರಸ್ತೆಯ ಮೇಲೇ ಕಣ್ಣಿಟ್ಟು, ಇಂಜಿನ್ನಿಗಿಂತ ಜೋರಾಗಿ ಮಾತು ಶುರು ಮಾಡಿದೆ. "ಅಪ್ಪಾ, ನಿಮಗ ಕೇಳದ ಗಾಡಿ ತಂದಿದ್ದು ತಪ್ಪಾತ್ರಿ. ಗಾಡಿ ಹೋದ್ರ ಹೋಗ್ಲಿ. ನೀವು ನನ್ನ ಕೂಡ ಮಾತಾಡ್ರಿ. ಒಂದೂವರಿ ವರ್ಷಾತು, ಮನ್ಯಾಗ ಇದ್ದೂ ಪರದೇಶಿ ಆಗೀನಿ." ಹೀಗೆ ಹೇಳುತ್ತ ಹೋದೆ, ಅತ್ತೂಬಿಟ್ಟೆ. ಹಿಂದಿನಿಂದ ಒಂದು ಹುಂ ಇಲ್ಲ. ಅಪ್ಪನ ಸ್ವಭಾವ ಗೊತ್ತಿದ್ದದ್ದೇ. ನಡುವೆ ಎಸ್.ಟಿ. ಬಸ್ಸೊಂದು ನಮ್ಮನ್ನು ದಾಟಿ ಹೋಯಿತು. ಕಿಟಕಿಯಿಂದ ಯಾರೋ ಕೈ ಬೀಸಿದರು. ಹಳೇ ಗಾಡಿ ಕಂಡವರೆಲ್ಲ ಬೀಸುತ್ತಿದ್ದರು. ನಾನೂ ಬೀಸಿದೆ.

ಮಠದ ಮುಂದೆ ಅವ್ವ ಕಾಯಿ, ನಿಂಬೆಹಣ್ಣು ಹಿಡಿದು ನಿಂತಿದ್ದಳು. ಅವಳ ಪಕ್ಕ ಅಪ್ಪ ಬರಿಗಾಲಲ್ಲಿ ನಿಂತಿದ್ದರು. ನಾನು ತಿರುಗಿ ಹಿಂದಿನ ಸೀಟು ನೋಡಿದೆ. ಅಪ್ಪನ ಜೋಡು ಮಾತ್ರ ಇದ್ದವು.

ಅಪ್ಪ ಗಾಡಿಯ ಹತ್ತಿರ ಬಂದರು. ನೇರ ನನ್ನ ಮುಖ ನೋಡಿದರು.

"ನಾಕಾದಾಗ ನಾನೂ ದೂಡಾಕ ಇಳದಿದ್ನಿ. ಗಾಡಿ ಚಾಲೂ ಆತು, ನೀ ನನ್ನ ಬಿಟ್ಟು ಹೊಂಟೇ ಬಿಟ್ಟಿ. ಬಸ್ಸಿನ್ಯಾಗಿಂದ ನಿಲ್ಲು ಅಂತ ಕೈ ಮಾಡಿದ್ರ ನೀನೂ ಕೈ ಮಾಡ್ತಿ. ಭಂಗಾರದಾಂವಗ ಬರಬ್ಯಾಡ ಅಂತ ಹೇಳ್ತೀನಿ. ನೀ ಮೊದಲ ಹಿಂದ ನೋಡೂ ಕನ್ನಡಿ ಹಾಕಸು."

ಷರತ್ತು ಹಾಕಿದವರೇ ಇಳಿದು ದೂಡಿದ್ದರು. ಒಂದೂವರೆ ವರ್ಷದಲ್ಲಿ ಅಪ್ಪ ನನಗೇ ಆಡಿದ ಮೊದಲ ಮಾತು ಅದು. ನಾನು ಅವ್ವನ ಕಡೆ ತಿರುಗಿ ಅಂದೆ, "ಅವ್ವಾ, ಹಾಕಸ್ತೀನಿ ಅಂತ ಹೇಳು."